ಇಸ್ತ್ರಿ ಬಂಡಿಯ ಹಾಜರಿ

ಎಷ್ಟು ಒಗೆದರೂ ಕೆಲವು ಮಾತು ನೂಲಿನೊಳಗೇ ಉಳಿಯುತ್ತವೆ,
ಕೆಂಡದ ಪೆಟ್ಟಿಗೆ ತಾಗಿದೊಡನೆ ಏಳುತ್ತವೆ.
ಗೊರಗುಂಟೆಪಾಳ್ಯದ ಮೇಲ್ಸೇತುವೆ ಪಕ್ಕ, ಹೊಂಗೆ ಮರದಡಿ
ಹತ್ತೊಂಬತ್ತು ವರ್ಷದಿಂದ ಇದೇ ಬಂಡಿ, ಇದೇ ಮೂಗು.

ಶಾಲೆಗೆ ಹೋಗಿ ಬಂದ ಅಂಗಿಯೇ ಬೇರೆ:
ಜೇಬಿನಡಿ ನೀಲಿ ಚುಕ್ಕೆ, ತೋಳಂಚಿಗೆ ಸೀಮೆಸುಣ್ಣ,
ಎದೆ ಮೇಲೆ ಬಿಸಿಯೂಟದ ಸಾರಿನ ಅರಿಶಿನ,
ಯಾವ ಸೋಪಿಗೂ ಬಗ್ಗದ ಭೂಪಟ.
ದೇವಿಂದ್ರನ ಅಂಗಿಯಲ್ಲಿ ಆಷಾಢದಿಂದೀಚೆಗೆ
ಅವೊಂದೂ ಇಲ್ಲ.
ಒತ್ತಿದರೆ ಏಳುವುದು ಗುಜರಿ ತಂತಿ ಸುಟ್ಟ ಕಮಟು,
ರೈಲು ಹಳಿಯ ತುಕ್ಕು.

ಸುಮ್ಮನಿದ್ದೆ. ನನ್ನ ಕಸುಬು ಸುಕ್ಕು ತೆಗೆಯೋದು,
ಸುದ್ದಿ ತೆಗೆಯೋದಲ್ಲ.
ಅವನ ಅವ್ವ ಸಾಬಮ್ಮ ಯಾದಗಿರಿ ಕಡೆಯವಳು,
ಎಂಟೂವರೆಗೆ ಗಾರ್ಮೆಂಟ್ಸಿನ ಗೇಟು ದಾಟಿರಬೇಕು.
ಮಗ ಚೀಲ ಹೆಗಲಿಗೇರಿಸಿದ್ದು ನೋಡಿಯೇ ಹೋಗುತ್ತಾಳೆ.
ನೋಡಿದ್ದು ಸುಳ್ಳಲ್ಲ.
ಚೀಲ ಹೆಗಲಿಗೇರಿತ್ತು.

ಒಂದು ದಿನ ಹೆಡ್ಮಿಸ್ಸು ವಾಗ್ದೇವಿ ಮೇಡಂ ಸೀರೆ ಕೊಡಲು ಬಂದವರು
ಕಂಕುಳಲ್ಲಿದ್ದ ಹಾಜರಿ ಪುಸ್ತಕ ಬಂಡಿ ಮೇಲೆ ಬಿಚ್ಚಿದರು.
ಗೈ. ಗೈ. ಗೈ. ಗೈ.
ನನಗೆ ಓದು ಬಾರದು. ಆದರೂ ಒಂದೇ ಅಕ್ಷರ
ಇಪ್ಪತ್ತೊಂದು ಮನೆ ದಾಟಿದ್ದು ಕಂಡಿತು.
ಆಗ ಬಾಯಿಬಿಟ್ಟೆ.

ಹೋದ ವರ್ಷ ಸೀಟಿ ಹಿಡಿದ ತಂಡವೊಂದು ಬಂದಿತ್ತು.
ಮಕ್ಕಳ ಕಾಲರ್ ಹಿಡಿದು ವ್ಯಾನಿಗೆ ಹತ್ತಿಸಿ
ಫೋಟೋ ತೆಗೆದುಕೊಂಡು ಹೋಯಿತು.
ಮಕ್ಕಳು ಕಲಿತದ್ದು ಮೂರು ಹೊಸ ಸಂದಿ,
ಕಾಂಪೌಂಡಿನ ಒಂದು ತೂತು.

ಈ ಸಲ ರೇಷನ್ ಅಂಗಡಿಯ ಮೆಟ್ಟಿಲ ಮೇಲೆ ನಾವೇ ಕೂತೆವು:
ಬೇಕರಿ ಸುಬ್ರಾಯ, ಆಟೋ ಖಲಂದರ್,
ಬೀದಿ ಗುಡಿಸುವ ಓಬುಳಮ್ಮ.
ಕೇರಂ ಅಂಗಡಿಯವನು ಬಂದ, "ನನ್ನ ವ್ಯಾಪಾರಕ್ಕೇ ಕಲ್ಲಾ?"
ಅಂದು ಎದ್ದು ಹೋದ.
ಗುಜರಿ ಅಂತೋಣಿ ತಲೆ ಎತ್ತಲಿಲ್ಲ. ತಕ್ಕಡಿ ಅವನದೇ.
ಬಹಳ ಹೊತ್ತು ಜಗಳವಾಡಿ ಒಂದು ಮಾತಿಗೆ ಹ್ಞೂಂ ಅಂದರು:
ಯಾರೂ ಹಿಡಿಯಬಾರದು. ಕೇಳಬೇಕು.
ಮೊದಲು "ತಿಂದ್ಯಾ?"
ಆಮೇಲೆ, ಬಾಯಲ್ಲಿ ಬನ್ನು ಇರುವಾಗ, "ಯಾಕಪ್ಪಾ?"

ನನಗವನು ಹೇಳಲಿಲ್ಲ. ಸುಬ್ರಾಯನ ನಾಲ್ಕು ಬನ್ನು ಖರ್ಚಾದವು,
ಅವನಿಗೂ ಹೇಳಲಿಲ್ಲ.
ಓಬುಳಮ್ಮನ ಕನ್ನಡ ಅರ್ಧ ತೆಲುಗು.
ಪೊರಕೆ ಊರಿ ನಿಂತು ಕೇಳಿದಳಂತೆ,
"ಬಡಿಗೆ ಯಾಕೋ ಹೋಗಲ್ಲ ನೀನು?"
ಅವಳ ಬಡಿ ಅಂದರೆ ಶಾಲೆ. ಅವನ ಬಡಿ ಅಂದರೆ ಏಟು.
"ಬಡಿಸ್ಕೊಳ್ಳಾಕ ಯಾರು ಹೋಗ್ತಾರ?" ಅಂದ ಹುಡುಗ,
ಇಬ್ಬರೂ ಕಸದ ಗಾಡಿ ಹಿಡಿದು ನಕ್ಕರಂತೆ.
ನಗು ಮುಗಿಯುವ ಮೊದಲೇ ಉಳಿದದ್ದೂ ಬಂತು:
ಪಾಠದಲ್ಲಿ ಬಸ್ಸು ಹೊರಟಿತ್ತು,
ಇವನು ಗಟ್ಟಿಯಾಗಿ ಓದಿದ್ದು "ಬಸ್ಸು ಹೊಂಟದ".
ನಲವತ್ತು ಬಾಯಿ ಒಟ್ಟಿಗೆ ತೆರೆದವು.
ಅಂದಿನಿಂದ ಅವನ ಹೆಸರೇ ಹೊಂಟದ.
ನೀರು ಕುಡಿಯಲು ಎದ್ದರೂ ಹೊಂಟದ, ಹೊಂಟದ.
ಒಂದು ದಿನ ನಿಜಕ್ಕೂ ಹೊಂಟ.

ಮೇಡಂ ಬೈಯಲಿಲ್ಲವಂತೆ. ಮನೆಯಲ್ಲಿ ಹೇಗೆ ಕರೀತಾರೆ ಹೇಳಿ ಅಂದರಂತೆ,
ಒಂದೇ ತರಗತಿಯಲ್ಲಿ ಒಂಬತ್ತು ಬಗೆಯ "ಬಾ".
ಖಲಂದರ್ ವಾರವಿಡೀ ಮೀಟರ್ ಹಾಕದೆ ಬಿಟ್ಟುಬಂದ.
ಅಂತೋಣಿ ಯಾರಿಗೂ ಏನೂ ಹೇಳದೆ
ಮೂರೂವರೆ ತನಕ ತಕ್ಕಡಿಯನ್ನು ಕೊಕ್ಕೆಗೆ ನೇತುಹಾಕಿದ.

ಪೂರ್ತಿ ಸರಿಹೋಯ್ತು ಅನ್ನಲಾರೆ.
ಮೊನ್ನೆ ವಾರ ಮತ್ತೆ ಎರಡು ಗೈ.
ಆದರೆ ಈ ಭಾನುವಾರ ಅವನ ಅಂಗಿ ಹಾಸಿ ಪೆಟ್ಟಿಗೆ ಎಳೆದರೆ
ಸಾರಿನ ವಾಸನೆ, ಇಂಗಿನ ಸಮೇತ.

ಬಂಡಿಯ ಹಲಗೆ ಮೇಲೆ ಬರೆದುಕೊಟ್ಟಿದ್ದಾನೆ:
"ಇಲ್ಲಿ ಇಸ್ತ್ರಿ ಮಾಡ್ತಾರ".
ಪ್ಯಾಂಟು ಕೊಡಲು ಬಂದವರೊಬ್ಬರು ಓದಿ,
ಕೊನೇಲಿ ಎತ್ವ ಬಿಟ್ಟುಹೋಗಿದೆ, ಸರಿ ಮಾಡಿಸಮ್ಮಾ ಅಂದರು.
ಎತ್ವ ಅಂದರೆ ಏನೋ ನನಗೆ ಗೊತ್ತಿಲ್ಲ.
ಪ್ಯಾಂಟಿನ ಧೂಳು ಕೊಡವುತ್ತ ಹೇಳಿದೆ,
ಆರು ಗಂಟೆಗೆ ಬನ್ನಿ ಸಾರ್,
ರೆಡಿ ಇರ್ತದ.